ಹದಿನಾರು ಬಾರ್ ಮತ್ತು ಒಂದು ನಿಷಾದ

“ವೈನಿ, ಚಿಂತಿ ಮಾಡಬ್ಯಾಡ್ರಿ. ರಾಯರ ಗಿಟಾರು ನನ್ನ ಫೋನಿನ್ಯಾಗ ಐತ್ರಿ. ಟೈಮಿಗೆ ಸರಿಯಾಗಿ ಬಟನ್ ಒತ್ತಿಬಿಡ್ತೀನಿ.”

ಹೀಗೆ ಧೈರ್ಯ ಹೇಳಿದವರು ಹಿಮಾಯತ್‌ನಗರದ ನಮ್ಮ ಕನ್ನಡ ಬಳಗದ ಪಾಟೀಲರು. ಬಳಗದ ವಾರ್ಷಿಕ ಕೂಟದಲ್ಲಿ ನನ್ನ ಗಂಡ, ಎಲ್ಲರ ‘ರಾಯರು’, ಕಟ್ಟಿದ ಒಂದು ಟ್ಯೂನನ್ನು ನಾವು ಪ್ರತಿವರ್ಷ ಬಾರಿಸುತ್ತೇವೆ. ಪಾಟೀಲರದು ಕೀಬೋರ್ಡ್. ನನ್ನದು ಗಿಟಾರಿನ ಕಾರ್ಡ್ಸ್, ಅಂದರೆ ಹಿಂದೆ ಕೂತು ಮೂರ್ನಾಲ್ಕು ಸ್ವರಗಳನ್ನು ಒಟ್ಟಿಗೆ ಮೀಟುತ್ತ ಹಾಡಿಗೆ ನೆಲ ಹಾಕುವ ಕೆಲಸ. ನಡುವಿನ ಹದಿನಾರು ಬಾರ್ ಮಾತ್ರ ಗಂಡನದು. (ನಾಲ್ಕು ಎಣಿಕೆಗೆ ಒಂದು ಬಾರ್. ಬೇರೆ ಬಾರಿಗೆ ಅವರು ಕಾಲಿಟ್ಟವರಲ್ಲ.) ಅಲ್ಲಿ ಅವರು ಆ ಕ್ಷಣಕ್ಕೆ ತೋಚಿದ್ದನ್ನು ಬಾರಿಸುತ್ತಿದ್ದರು. ಇಪ್ಪತ್ತು ವರ್ಷದಲ್ಲಿ ಎರಡು ಸಲ ಒಂದೇ ಥರ ಬಾರಿಸಿದ್ದಿಲ್ಲ.

ಅವರು ತೀರಿಕೊಂಡು ಹತ್ತು ತಿಂಗಳಾಯಿತು.

ಪಾಟೀಲರ ಮನಸ್ಸು ಒಳ್ಳೆಯದೇ. ಹೋದವರ ದನಿಯನ್ನು ಯಾರು ಇಟ್ಟುಕೊಂಡಿಲ್ಲ? ನಾನೂ ಬೆಳಗಿನ ಚಹಾದ ಹೊತ್ತಿಗೆ ಅದೇ ರೆಕಾರ್ಡಿಂಗ್ ಕೇಳುತ್ತೇನೆ. ಆದರೆ ಪ್ರತಿಸಲ ಹೊಸದು ಬಾರಿಸಿದ ಮನುಷ್ಯ ಇನ್ನು ಮೇಲೆ ಪ್ರತಿವರ್ಷ ಅದನ್ನೇ ಬಾರಿಸುವಂತೆ ಮಾಡುವುದೇ?

“ಬ್ಯಾಡ್ರಿ. ನಾನೇ ಬಾರಿಸ್ತೀನಿ” ಅಂದುಬಿಟ್ಟೆ. ಅಂದ ಮೇಲೆ ಹೆದರಿಕೆ ಶುರುವಾಯಿತು.

ನಾಂಪಲ್ಲಿಯ ನನ್ನ ಆಫೀಸಿನ ಹಿಂದಿನ ಓಣಿಯಲ್ಲಿ ಇಸ್ಮಾಯಿಲ್ ಸಾಹೇಬರಿದ್ದಾರೆ. ನಮ್ಮವರ ಹಳೆಯ ಗೆಳೆಯರು, ಮೂಲ ಕಲಬುರಗಿ. ಮದುವೆ ಆರ್ಕೆಸ್ಟ್ರಾಗಳಲ್ಲಿ ಗಿಟಾರ್ ಬಾರಿಸಿಯೇ ಮುದುಕರಾದವರು. ಆಫೀಸು ಬಿಟ್ಟ ಕೂಡಲೇ ಅಲ್ಲಿಗೆ ಹೋದೆ. ಅವರು ಕಾರ್ಡ್ ಶುರುಮಾಡಿದರು: ಎ ಮೈನರ್, ಡಿ ಮೈನರ್, ಇ ಮೇಜರ್.

ನಾನು ಚಿಕ್ಕಂದಿನಲ್ಲಿ ಹಾರ್ಮೋನಿಯಂ ಮೇಲೆ ಹಿಂದುಸ್ತಾನಿ ಕಲಿತವಳು. ಗಿಟಾರಿನ ಮೇಲೆ ಒಂದು ಸಾ ಹಿಡಿದೆ, ಒಂದು ರಾಗ ಆರಿಸಿಕೊಂಡೆ, ಆಲಾಪ ತೆಗೆದೆ. ಎರಡು ಕಾರ್ಡಿನವರೆಗೆ ಚೆನ್ನಾಗಿಯೇ ಇತ್ತು. ಮೂರನೆಯದಕ್ಕೆ ಅನ್ನದಲ್ಲಿ ಕಲ್ಲು ಕಡಿದಂತಾಯಿತು.

“ಬೆಹೆನ್‌ಜಿ, ಅಲ್ಲಿ ನಿಮ್ಮ ನಿಷಾದ ಒಂದ್ ಮನಿ ಮ್ಯಾಲ ಸರೀಬೇಕ್ರಿ” ಎಂದು ಸಾಹೇಬರು ನನ್ನ ‘ನಿ’ ಸ್ವರವನ್ನು ಗಿಟಾರಿನ ಕೊರಳ ಮೇಲೆ ಒಂದು ಗೆರೆಯಾಚೆಗೆ ಸರಿಸಿ ತೋರಿಸಿದರು.

“ರಾಗ ಕೆಡ್ತೈತಲ್ರಿ ಸಾಹೇಬ್ರ?”

“ಕೆಡಸ್ರಿ! ಕಾರ್ಡ್ ಎದ್ದು ಬ್ಯಾರೆ ಖೋಲಿಗೆ ಹೋಗೇತಿ. ನೀವು ಹಳೇ ಖೋಲ್ಯಾಗ ಕುಂತು ಮಾತಾಡಾಕತ್ತೀರಿ. ಯಾರು ಕೇಳಬೇಕ್ರಿ, ಗ್ವಾಡಿ?”

ಸಿಟ್ಟು ಬಂತು. ನಗುವೂ ಬಂತು. ರಾಗದಲ್ಲಿಲ್ಲದ ಸ್ವರ ಮುಟ್ಟಿದರೆ ನಮ್ಮ ಮಾಸ್ತರರು ಬೆರಳ ಗೆಣ್ಣಿಗೆ ಪಟ್ಟಿಯಲ್ಲಿ ಹೊಡೆಯುತ್ತಿದ್ದರು. ನಲವತ್ತು ವರ್ಷವಾದರೂ ಬೆರಳು ಆ ಏಟನ್ನು ಮರೆತಿಲ್ಲ. ಅಲ್ಲಿ ತಂಬೂರಿ ಒಂದೇ ಕಡೆ ನಿಂತಿರುತ್ತದೆ. ಎಲ್ಲಿ ಸುತ್ತಾಡಿದರೂ ಮರಳಿ ಬರಲು ಜಾಗವಿರುತ್ತದೆ. ಇಲ್ಲಿ ಆ ಜಾಗವೇ ನಾಲ್ಕು ಎಣಿಕೆಗೊಮ್ಮೆ ಎದ್ದು ನಡೆಯುತ್ತದೆ. (ಈ ವರ್ಷ ಅದನ್ನು ನನಗೆ ಯಾರೂ ಹೇಳಿಕೊಡಬೇಕಿರಲಿಲ್ಲ.)

ಸಾಹೇಬರ ಪಾಠ ಸರಳ. ಪ್ರತಿ ಕಾರ್ಡಿಗೆ ಅದರದೇ ಮೂರು ಸ್ವರ, ಅಷ್ಟೇ. ಮೊದಲು ಬಾಯಲ್ಲಿ ಹಾಡಬೇಕು, ಆಮೇಲೆ ತಂತಿಯ ಮೇಲೆ. ಉಸಿರು ಮುಗಿದಲ್ಲಿ ಕೈಯೂ ನಿಲ್ಲಬೇಕು.

“ರಾಯರ ಹಂಗ ಬೆರಳು ಓಡಸಾಕ ನನಗ ಬರಂಗಿಲ್ರಿ” ಅಂದೆ.

“ಅವರು ಯಾಕ ಓಡತಿದ್ರು? ಕೆಳಗ ನೀವಿದ್ರಿ. ಕಾರ್ಡ್ ಯಾವಾಗ ಬದಲಾಗ್ತೈತಿ ಅನ್ನೂದು ಅವರಿಗಿಂತ ನಿಮ್ಮ ಕೈಗೆ ಭಾಳ ಗೊತ್ತೈತಿ. ಇಪ್ಪತ್ತು ವರ್ಷ ಸುಮ್ಮನ ಕುಂತಿದ್ರೇನು?”

ಹೌದಲ್ಲ! ಹಿಂದಿನ ಸಾಲಿನಲ್ಲಿ ಕೂತವರಿಗೆ ಹಾಡು ಗೊತ್ತಿಲ್ಲವೆಂದು ನಾವೇಕೆ ಅಂದುಕೊಳ್ಳುತ್ತೇವೆ? ಅಡಿಪಾಯ ಹಾಕಿದವರಿಗೇ ಅಲ್ಲವೇ ಯಾವ ಕೋಣೆ ಎಲ್ಲಿದೆ ಎಂದು ಗೊತ್ತಿರುವುದು?

ಕಳೆದ ಭಾನುವಾರ ರಿಹರ್ಸಲ್. ಪಾಟೀಲರು ಎಡಗೈಯಲ್ಲಿ ಕಾರ್ಡ್ ಹಿಡಿದು, ಬಲಗೈಯನ್ನು ಫೋನಿನ ಪಕ್ಕ ಇಟ್ಟುಕೊಂಡಿದ್ದರು. (ನಂಬಿಕೆ ಅಂದರೆ ಹೀಗಿರಬೇಕು!) ನನ್ನ ಹದಿನಾರು ಬಾರ್ ಬಂತು. ಮೊದಲೆರಡು ಬಾರ್ ಸುಮ್ಮನೆ ಬಿಟ್ಟೆ. ಪಾಟೀಲರ ಬೆರಳು ಎದ್ದಿತು. ತಲೆ ಅಲ್ಲಾಡಿಸಿ ಬೇಡವೆಂದೆ.

ಬಾರಿಸಿದೆ. ಒಂದು ಮಾತು, ಒಂದು ನಿಲುಗಡೆ. ಇನ್ನೊಂದು ಮಾತು. ಇ ಕಾರ್ಡ್ ಬಂದಾಗ ಬೆರಳು ಹಳೆಯ ಚಾಳಿಯಂತೆ ಹಳೆಯ ನಿಷಾದದ ಮೇಲೇ ಬಿತ್ತು. ಕಲ್ಲು ಕಡಿಯಿತು. ಕೈ ತೆಗೆಯಲಿಲ್ಲ, ಒತ್ತಿ ಹಿಡಿದೇ ಒಂದು ಮನೆ ಮೇಲೆ ಜಾರಿಸಿದೆ. ಅಷ್ಟೇ. ತಪ್ಪು ಅನಿಸಿದ್ದು ತವಕವಾಗಿ ಕೇಳಿಸಿತು. ಸರಿಯಾದ ಸ್ವರ ಅಷ್ಟು ಹತ್ತಿರದಲ್ಲಿ ಇತ್ತೆಂದು ಮಾಸ್ತರರು ಹೇಳಿರಲೇ ಇಲ್ಲ! ಉಳಿದ ಬಾರ್‌ಗಳಲ್ಲಿ ನಾನು ನಮ್ಮವರನ್ನು ನೆನೆಯಲೂ ಇಲ್ಲ, ಮರೆಯಲೂ ಇಲ್ಲ. ಕೇಳುತ್ತ ಬಾರಿಸಿದೆ.

ಮುಗಿದ ಮೇಲೆ ಪಾಟೀಲರು ಕಣ್ಣೊರೆಸಿಕೊಂಡರು.

“ಚಲೋ ಆತ್ರಿ ವೈನಿ. ಖರೇ ಹೇಳ್ಲೇನ್ರಿ? ರಾಯರು ಬಾರಿಸಿದಂಗ ಆಗಲಿಲ್ಲ.”

“ಹೌದ್ರಿ ಪಾಟೀಲ್ರ. ಮುಂದಿನ ಸಲ ಇವತ್ತಿನಂಗೂ ಆಗಂಗಿಲ್ಲ.”