ತನ್ನ ವಿಷಕ್ಕೆ ತಾನೇ ಸತ್ತ ಕ್ರಿಮಿ

ನಮ್ಮ ಕಾಲೇಜಿನ ಕರೀಂಸಾಬರು ಮೂವತ್ತು ವರ್ಷದಿಂದ ಕ್ರಿಮಿಗಳನ್ನು ಕೊಲ್ಲುತ್ತಾ ಬಂದವರು. ಸಂಬಳವೇ ಅದಕ್ಕೆ. ಖೂಬಾ ಪ್ಲಾಟ್ ಬಡಾವಣೆಯ ಮನೆಯಿಂದ ಸೈಕಲ್ ಮೇಲೆ ಬಂದು, ಪ್ರಯೋಗಾಲಯದ ಬೀಗ ತೆಗೆದು, ಬಳಸಿ ಬಿಟ್ಟ ಫ್ಲಾಸ್ಕು ಟ್ಯೂಬುಗಳನ್ನೆಲ್ಲ ಆಟೋಕ್ಲೇವ್ ಎಂಬ ಹಬೆಯ ಯಂತ್ರದಲ್ಲಿ ಬೇಯಿಸುವುದು ಅವರ ಕೆಲಸ. ಅವರ ಬಾಯಲ್ಲಿ ಅದು ಕುಕ್ಕರ್. ಎಡಗಡೆ ಮೇಜಿನ ಮೇಲಿಟ್ಟದ್ದು ಬೇಯಬೇಕು, ಬಲಗಡೆಯದು ಉಳಿಯಬೇಕು. ಇದು ಅವರೇ ಮಾಡಿದ ಕಾಯದೆ. ಒಮ್ಮೆ ಪ್ರಿನ್ಸಿಪಾಲರ ಚಹಾದ ಥರ್ಮಾಸು ಎಡಗಡೆ ಸಿಕ್ಕಿತ್ತು, ಅದನ್ನೂ ಬೇಯಿಸಿದರು. ಹೊಸ ಥರ್ಮಾಸಿಗೆ ಅರ್ಜಿ ಬರೆದವನು ಆಫೀಸಿನ ಗುಮಾಸ್ತನಾದ ನಾನೇ.

ಇಂಥವರು ಒಂದೇ ಒಂದು ಕ್ರಿಮಿಯನ್ನು ಪ್ರೀತಿಸಿದ್ದರು. ಅದರ ಹೆಸರು ಕೆಎಂ-ಏಳು. ಕಮಲಾಪುರದಲ್ಲಿರುವ ತಂಗಿ ಲತೀಫಾಳ ಬಾಳೆತೋಟದ ಮಣ್ಣನ್ನು ಡಬ್ಬಿಯಲ್ಲಿ ತುಂಬಿ ತಂದು, ಸಂಶೋಧನೆ ಮಾಡುವ ಪಂಚಶೀಲಾಗೆ ಕೊಟ್ಟವರು ಇವರೇ. ಆ ಮಣ್ಣಿನಲ್ಲಿ ಸಿಕ್ಕ ಬ್ಯಾಕ್ಟೀರಿಯಾ ಸುತ್ತಲಿನ ಬೇರೆ ಬ್ಯಾಕ್ಟೀರಿಯಾಗಳನ್ನು ಕೊಲ್ಲುವ ವಿಷ ತಯಾರಿಸುತ್ತಿತ್ತು. ಅಂಥ ವಿಷವೇ ನಮ್ಮ ಮೈಗೆ ಹೋದಾಗ ಆ್ಯಂಟಿಬಯಾಟಿಕ್ ಔಷಧಿ ಅನ್ನಿಸಿಕೊಳ್ಳುತ್ತದೆ.

"ಮತ್ತ ಅದ್ಯಾಕ ಸಾಯಂಗಿಲ್ಲವ್ವಾ? ವಿಷ ಇರೂದು ಅದರ ಹೊಟ್ಯಾಗ ಅಲ್ಲೇನು?" ಎಂದು ಕರೀಂಸಾಬರು ಕೇಳಿದ್ದರು.

"ಒಳಗ ಇರೂತನಕ ವಿಷಕ್ಕ ಬೀಗ ಹಾಕಿರ್ತದ ಚಾಚಾ. ಹೊರಗ ದಬ್ಬಿದ ಮ್ಯಾಲೇ ಬೀಗ ತೆಗೀತದ. ಅದು ಖರೇ ಅಂತ ತೋರಿಸೂದೇ ನನ್ನ ಪಿಎಚ್‌ಡಿ."

ಅದನ್ನು ತೋರಿಸಲು ಆಕೆಗೆ ಆರು ವರ್ಷ ಹಿಡಿದಿತ್ತು. ಪ್ರಬಂಧ ಒಪ್ಪಿಸಲು ಒಂದು ತಿಂಗಳು ಉಳಿದಿತ್ತು. ಫ್ರಿಜ್ ಕೆಟ್ಟು ಹಳೆಯ ಟ್ಯೂಬುಗಳಿಗೆಲ್ಲ ಬೂಸ್ಟು ಹತ್ತಿದ್ದರಿಂದ ಜೀವಂತ ಕೆಎಂ-ಏಳು ಇದ್ದದ್ದು ಒಂದೇ ಫ್ಲಾಸ್ಕಿನಲ್ಲಿ.

ಒಂದು ಸೋಮವಾರ ಲತೀಫಾ ಒಂದು ದೊಡ್ಡ ಗೊನೆ ಕೆಂಪುಬಾಳೆ ಕಳಿಸಿದಳು. ಹಣ್ಣು ಉಳಿಯಬೇಕಾದ ವಸ್ತು, ಆದ್ದರಿಂದ ಕರೀಂಸಾಬರು ಅದನ್ನು ಬಲಗಡೆ ಇಟ್ಟರು. ಜಾಗ ಸಾಲಲಿಲ್ಲ. ಅಲ್ಲಿದ್ದ ಕೆಎಂ-ಏಳರ ಫ್ಲಾಸ್ಕನ್ನು ಒಂದು ನಿಮಿಷದ ಮಟ್ಟಿಗೆ ಎಡಕ್ಕೆ ಸರಿಸಿ, ಚಹಾಕ್ಕೆ ಹೋಗಿ ಬಂದರು. ಅಷ್ಟರಲ್ಲಿ ಸರಿಸಿದ್ದು ಮರೆತಿತ್ತು, ಎಡಗಡೆ ಫ್ಲಾಸ್ಕು ಕಂಡಿತು. ಕಾಯದೆ ಕಾಯದೆಯೇ, ಬೇಯಿಸಿದರು. ಕುಕ್ಕರಿನ ಮುಚ್ಚಳ ತೆಗೆದು ಫ್ಲಾಸ್ಕಿನ ಚೀಟಿ ಓದಿದಾಗಲೇ ಬೆಂದದ್ದು ಕೆಎಂ-ಏಳು ಎಂದು ತಿಳಿದದ್ದು. ಸುತ್ತ ಯಾರೂ ಇರಲಿಲ್ಲ, ಆರಿದ ಮೇಲೆ ಮೆಲ್ಲಗೆ ಮೊದಲಿನ ಜಾಗದಲ್ಲಿ ಇಟ್ಟುಬಿಟ್ಟರು. ಹಣ್ಣು ಮಾತ್ರ ಸುರಕ್ಷಿತವಾಗಿತ್ತು, ನಾನೂ ಎರಡು ತಿಂದೆ.

ಎರಡು ದಿನದಲ್ಲಿ ಪಂಚಶೀಲಾಗೆ ಗೊತ್ತಾಯಿತು, ಫ್ಲಾಸ್ಕಿನಲ್ಲಿ ಜೀವವಿಲ್ಲ. ವಿಭಾಗದ ಮುಖ್ಯಸ್ಥರಾದ ಮಹಾದೇವಪ್ಪನವರು ಫ್ಲಾಸ್ಕನ್ನು ಬೆಳಕಿಗೆ ಹಿಡಿದು ನೋಡಿ ಹಿಗ್ಗಿದರು. "ತನ್ನ ವಿಷಕ್ಕ ತಾನೇ ಸತ್ತದ! ಬೀಗ ಕೆಲಸಾ ಮಾಡಿಲ್ಲ. ಇದು ಜಗತ್ತಿನ್ಯಾಗ ಯಾರೂ ನೋಡದ ಸುದ್ದಿ ಅದರೀ!"

ಹೌದು, ಯಾರೂ ನೋಡಿರಲಿಲ್ಲ, ನಡೆದಿದ್ದರೆ ತಾನೆ! ಆದರೂ ಸುದ್ದಿ ಊರಿನ ಪತ್ರಿಕೆಯಲ್ಲಿ ಬಂತು, ಕ್ರಿಮಿಯ ಫೋಟೋ ಇಲ್ಲದ್ದಕ್ಕೆ ಮಹಾದೇವಪ್ಪನವರ ಫೋಟೋ ಹಾಕಿದರು. ಸೆಮಿನಾರಿಗೆ ದಿನ ಗೊತ್ತಾಯಿತು. ಕಾಲೇಜಿನ ಸಿಪಾಯಿಗಳು ಫ್ಲಾಸ್ಕಿಗೊಂದು ಮಲ್ಲಿಗೆ ಮಾಲೆ ಹಾಕಿದರು. ಕರೀಂಸಾಬರಿಗೆ ಬಿಸಿತುಪ್ಪ ಬಾಯಲ್ಲಿಟ್ಟುಕೊಂಡ ಹಾಗಾಯಿತು.

ಭಾನುವಾರ ಬಸ್ ಹತ್ತಿ ಕಮಲಾಪುರಕ್ಕೆ ಓಡಿದರು. ಅದೇ ಬಾಳೆಯ ಬುಡದಿಂದ ಹೊಸ ಮಣ್ಣು ತಂದು ಗುಟ್ಟಾಗಿ ಕೊಟ್ಟರೆ ಸತ್ತದ್ದರ ಅಣ್ಣತಮ್ಮಂದಿರಾದರೂ ಸಿಕ್ಕಾರು ಎಂಬ ಆಸೆ. ತೋಟದಲ್ಲಿ ಮೂಗಿಗೆ ಬಡಿದದ್ದು ಫಿನಾಯಿಲ್.

"ಪೇಪರ್‌ನ್ಯಾಗ ಓದೀನಿ ಭಾಯಿ," ಎಂದಳು ಲತೀಫಾ ಹೆಮ್ಮೆಯಿಂದ. "ದೊಡ್ಡ ಮಂದಿ ಕ್ರಿಮಿ ನೋಡಾಕ ಬರ್ತಾರಂತ ಗಿಡದ ಬುಡಾ ಎಲ್ಲಾ ಫಿನಾಯಿಲ್ ಹಾಕಿ ತೊಳದೀನಿ. ಹೊಲಸ ಜಾಗಾದಾಗ ಹುಟ್ಟೇದಂತ ಅನ್ನಬಾರದಲ್ಲ."

ಡಬ್ಬಿ ಖಾಲಿಯೇ ಬಂತು. ದಾರಿಯುದ್ದಕ್ಕೂ ಕರೀಂಸಾಬರು ತಮಗೆ ತಾವೇ ಸಮಾಧಾನ ಹೇಳಿಕೊಂಡರು: ಹೋಗಲಿ, ಆ ಹುಡುಗಿಗೆ ಹೆಸರು ಬರುತ್ತಿದೆ, ಬಾಯಿಬಿಟ್ಟು ಕೆಡಿಸುವುದೇಕೆ? ಮನೆಯಲ್ಲಿ ಹೆಂಡತಿ ಅಮೀನಾಗೆ ಎಲ್ಲ ಹೇಳಿದರು.

ಅಮೀನಾ ಮೊದಲು ನಕ್ಕಳು. "ತಮ್ಮ ವಿಷಕ್ಕ ತಾವೇ ಸಾಯೂದಿದ್ರ ನಿಮ್ಮ ತಂಗಿ ಯಾವಾಗೋ ಹೋಗ್ತಿದ್ಳು." ಆಮೇಲೆ ನಗು ನಿಲ್ಲಿಸಿ ಕೇಳಿದಳು: "ಆ ಹುಡುಗಿ ಖುಷಿ ಅದಾಳೇನ್ರೀ? ಮಾರಿ ನೋಡೀರೇನು?"

ನೋಡಿರಲಿಲ್ಲ. ಆ ಸೋಮವಾರದಿಂದ ಆಕೆಯ ಮುಖ ಕಂಡರೆ ಕುಕ್ಕರಿನ ಹಿಂದೆ ಹೋಗಿ ನಿಲ್ಲುತ್ತಿದ್ದರು.

ಸೆಮಿನಾರಿನ ದಿನ ನೋಡಲೇಬೇಕಾಯಿತು. ಸಭಾಂಗಣ ತುಂಬಿತ್ತು. ಕರೀಂಸಾಬರು ನೀರಿನ ಲೋಟಗಳ ತಟ್ಟೆ ಹಿಡಿದು ವೇದಿಕೆಯ ಪಕ್ಕದಲ್ಲಿ ನಿಂತಿದ್ದರು, ನಾನು ಹಾಜರಿ ಪುಸ್ತಕ ಹಿಡಿದು ಅವರ ಪಕ್ಕದಲ್ಲಿ. ಪಂಚಶೀಲಾ ಸೊರಗಿದ್ದಳು. ಮಹಾದೇವಪ್ಪನವರು ಬರೆದುಕೊಟ್ಟ ಹಾಳೆಯನ್ನು ಓದತೊಡಗಿದಳು.

"ಈ ಜೀವಿಗೆ ತನ್ನ ವಿಷವನ್ನು ತಡೆಯುವ ಶಕ್ತಿ ಇದೆ ಎಂದು ನಾನು ಆರು ವರ್ಷ ವಾದಿಸಿದ್ದೆ. ಅದು ತಪ್ಪು ಎಂದು ಈಗ ಒಪ್ಪಿಕೊಳ್ಳುತ್ತೇನೆ. ಪ್ರಬಂಧವನ್ನು ಹಿಂದಕ್ಕೆ..."

ಹಿಂದಕ್ಕೆ ಪಡೆಯುತ್ತೇನೆ ಎನ್ನುವ ಮೊದಲೇ ಹಾಳೆಯಿಂದ ಕಣ್ಣೆತ್ತಿದಳು. ಜನ ಚಪ್ಪಾಳೆ ತಟ್ಟಿದರು. ಹೆಸರು ಬರುತ್ತಿದೆ ಎಂದುಕೊಂಡಿದ್ದ ಕರೀಂಸಾಬರಿಗೆ ಆಗ ತಿಳಿಯಿತು, ತಾವು ಬೇಯಿಸಿದ್ದು ಬರೀ ಫ್ಲಾಸ್ಕನ್ನಲ್ಲ, ಈ ಹುಡುಗಿಯ ಆರು ವರ್ಷವನ್ನು. ತಟ್ಟೆಯನ್ನು ನನ್ನ ಕೈಗೆ ತುರುಕಿ ಮುಂದೆ ಹೋದರು.

"ಅದು ತನ್ನ ವಿಷಕ್ಕ ಸತ್ತಿಲ್ರೀ," ಎಂದರು. ದನಿ ಮುಂದಿನ ಸಾಲಿಗಷ್ಟೇ ಮುಟ್ಟಿತು. "ಬಾಳೆಹಣ್ಣಿಗೆ ಜಾಗಾ ಮಾಡಾಕ ಹೋಗಿ ನಾನೇ ಕುಕ್ಕರ್‌ನ್ಯಾಗ ಹಾಕೀನಿ."

ಮಹಾದೇವಪ್ಪನವರು ಎದ್ದು ನಿಂತರು. "ಕರೀಂಸಾಬ್! ಮೂವತ್ತು ವರ್ಷದ ನೌಕರಿ ಅದ, ನೆನಪಿರಲಿ. ಸುಮ್ನ ಹೊರಗ ನಡೀರಿ."

ಯಾರೋ ನಕ್ಕರು. ಕರೀಂಸಾಬರು ಬಾಗಿಲ ಕಡೆ ತಿರುಗಿದರು. ಅಷ್ಟರಲ್ಲಿ ಪಂಚಶೀಲಾ ಹಾಳೆಯನ್ನು ಅಲ್ಲೇ ಬಿಟ್ಟು ವೇದಿಕೆ ಇಳಿದು ಓಡಿಬಂದಳು. ಕಣ್ಣಲ್ಲಿ ನೀರು, ಮುಖದಲ್ಲಿ ನಗು. ಕೈಯಲ್ಲಿದ್ದ ಮೈಕನ್ನು ಅವರ ಬಾಯಿಗೆ ಹಿಡಿದಳು.

"ಚಾಚಾ," ಎಂದಳು, "ಹಿಂದ ಕುಂತವರಿಗೆ ಕೇಳಿಸಿಲ್ಲ. ಇನ್ನೊಂದ್ಸಲ ಜೋರಾಗಿ ಹೇಳ್ರಿ."