ನಕಾಶೆಯ ಮೇಲೆ ನಿಮ್ಮ ಮನೆ

ಗಿರಿಜಾ, ನಿಮ್ಮ ಗಂಡನಿಗೆ ನಿಮ್ಮ ಮನೆ ತೋರಿಸಿಕೊಟ್ಟವಳು ಸುನಂದಾತಾಯಿ ಅಲ್ಲ — ನಾನು.

ಪುಣೆಯ ನಮ್ಮ ಕನ್ನಡ ಬಳಗದವರ ವಿಳಾಸಗಳನ್ನೆಲ್ಲ ನಕಾಶೆಗೆ ಇಳಿಸುತ್ತೇನೆಂದು ನಾನೇ ಮುಂದೆ ಬಂದಿದ್ದೆ. ಕಷ್ಟಕ್ಕೆ ಹತ್ತಿರದಲ್ಲಿ ಯಾರಿದ್ದಾರೆ ಎಂಬುದು ಫೋನಿನಲ್ಲೇ ಕಾಣಲಿ ಎಂದು. ಎಷ್ಟೋ ವಿಳಾಸಗಳು 'ಗಣಪತಿ ಗುಡಿಯ ಹಿಂದೆ', 'ಹಿಟ್ಟಿನ ಗಿರಣಿ ಎದುರು' ಎಂದಷ್ಟೇ ಇದ್ದವು. ಕಂಪ್ಯೂಟರಿಗೆ ಅವು ತಿಳಿಯದೆ ನಾನೇ ಸ್ಕೂಟರಿನಲ್ಲಿ ಹೋಗಿ ಗುರುತು ಹಾಕಿಕೊಂಡು ಬರುತ್ತಿದ್ದೆ. ಚಿಂಚವಾಡದ ನಿಮ್ಮ ಓಣಿಗೂ ಹಾಗೆಯೇ ಬಂದೆ. ಚಹಾ ಕೊಟ್ಟು, ಮಲಗಿದ್ದ ಮಗಳ ಕಡೆ ನೋಡುತ್ತ ನೀವು ಹೇಳಿದಿರಿ — "ನಮ್ಮನಿ ಒಂದು ಹಾಕಬ್ಯಾಡ್ರಿ. ಅವ್ರಿಗೆ ಗೊತ್ತಾದ್ರ ಕೂಸಿನ್ನ ನನ್ನ ಹತ್ರ ಬಿಡಂಗಿಲ್ಲ."

"ಇಲ್ಲ, ಹಾಕಲ್ಲ," ಎಂದೆ.

ಹಾಕಿದೆ. ಮರೆತು ಅಲ್ಲ. ಆ ಭಾಗದಲ್ಲಿ ಬೇರೆ ಚುಕ್ಕೆಯೇ ಇರಲಿಲ್ಲ, ನಕಾಶೆ ಬೋಳಾಗಿ ಕಾಣುತ್ತಿತ್ತು... ನೋಡುವವರು ನಮ್ಮವರೇ ತಾನೆ ಎಂದುಕೊಂಡೆ. ನಿಮ್ಮ ಹೆಸರನ್ನೂ ಬರೆದೆ. ಎಲ್ಲರೂ ಹೊಗಳಿದರು. ಅದು ಒಬ್ಬರ ಫೋನಿನಿಂದ ಇನ್ನೊಬ್ಬರ ಫೋನಿಗೆ ಹೋಗುತ್ತ, ನೀವು ಬಿಟ್ಟುಬಂದ ಗಂಡನಿರುವ ಹುಬ್ಬಳ್ಳಿ ಮುಟ್ಟಿತು.

ಅವನು ಬಂದು ಮಗಳನ್ನು ಎತ್ತಿಕೊಂಡು ಹೋದ ದಿನ ನಾನೂ ಓಡಿ ಬಂದೆ. ಕೆಳಗಿನ ಕಿರಾಣಿ ಅಂಗಡಿಯವನು, ಬಂದವನು ಮೊಬೈಲಿನಲ್ಲಿ ನಕಾಶೆ ತೋರಿಸಿ ನಿಮ್ಮ ಬಾಗಿಲು ಯಾವುದೆಂದು ಕೇಳಿದನೆಂದ. ಆಗಲೇ ನನಗೆ ಎಲ್ಲ ತಿಳಿಯಿತು. ಮೇಲೆ ನೀವು ಮಗಳ ಫ್ರಾಕ್ ಹಿಡಿದು ಕೂತಿದ್ದಿರಿ.

"ಸುನಂದಾತಾಯಿ ಒಬ್ಬಾಕಿಗೇ ಎಲ್ಲಾ ಗೊತ್ತಿತ್ರಿ. ಆಕೀನ ಹೇಳಿರಬೇಕು, ಹೌದಲ್ರಿ?"

ಪಕ್ಕದ ಮನೆಯ ಸುನಂದಾತಾಯಿ — ನೀವು ಕೆಲಸಕ್ಕೆ ಹೋದಾಗಲೆಲ್ಲ ನಿಮ್ಮ ಮಗಳಿಗೆ ಉಣಿಸಿ ಮಲಗಿಸುತ್ತಿದ್ದಾಕೆ. ನಾನು ತಲೆ ತಗ್ಗಿಸಿ, "ಇರಬಹುದು," ಎಂದೆ.

ಮನೆಗೆ ಹೋಗಿ ಚುಕ್ಕೆ ಅಳಿಸಿದೆ. ನೀವು ಆಕೆಯೊಡನೆ ಮಾತು ಬಿಟ್ಟಿರಿ. ಇಷ್ಟು ವರ್ಷ ಶಿವಾಜಿನಗರದ ಕೋರ್ಟಿಗೆ ನಿಮ್ಮ ಜೊತೆ ಬಂದವಳು ನಾನು. ಮಗಳು ಇನ್ನೂ ನಿಮ್ಮ ಕೈಸೇರಿಲ್ಲ. ಪ್ರತಿ ಸಲ ಆ ಮೆಟ್ಟಿಲಿಳಿಯುವಾಗ ನನ್ನ ಕೈ ಹಿಡಿದು, "ನೀವೊಬ್ರಾದ್ರೂ ಇದ್ದೀರಲ್ರಿ," ಎನ್ನುತ್ತೀರಿ. ನಾನು ನನ್ನ ಕೈಯನ್ನು — ಬಿಡಿಸಿಕೊಳ್ಳುವುದೂ ಇಲ್ಲ.

ನಿನ್ನೆ ಸುನಂದಾತಾಯಿಯ ಬಾಗಿಲು ತಟ್ಟಿ ಎಲ್ಲವನ್ನೂ ಹೇಳಿದೆ. ಆಕೆ ಬೈಯಲಿಲ್ಲ. ಒಂದೇ ಮಾತು ಕೇಳಿದಳು: "ಪೋರಗೀ ಕಶೀ ಆಹೇ?" — ಹುಡುಗಿ ಹೇಗಿದ್ದಾಳೆ?

ಇಷ್ಟು ವರ್ಷ ಆ ಮಾತನ್ನು ಆಕೆ ನಿಮ್ಮನ್ನು ಕೇಳದಂತೆ ಮಾಡಿದವಳು ನಾನು, ಗಿರಿಜಾ.