ಬೆರಿಲ್ ಬಾಯಿಗೆ ಬಾರದ ಮಾತು

ಬೆರಿಲ್ ಗ್ರೀನ್‌ಹಾಳ ಬಾಯಿಗೆ ಹೆದರದವರು ನಮ್ಮ ಚಾಪೆಲ್ ಬೀದಿಯಲ್ಲಿ ಯಾರೂ ಇಲ್ಲ. ಶಾಲೆಯ ಅಡುಗೆಮನೆಯನ್ನು ಆಳಿ ನಿವೃತ್ತಳಾದವಳು ಅವಳು. ಅವಳ ಕೈಯ ಗಟ್ಟಿ ಕಸ್ಟರ್ಡ್ ತಿಂದು ಬೆಳೆದ ಗಂಡಸರು ಇಂದಿಗೂ ಅವಳನ್ನು ಕಂಡರೆ ಜೇಬಿನಿಂದ ಕೈ ತೆಗೆದು ನೆಟ್ಟಗೆ ನಿಲ್ಲುತ್ತಾರೆ. ಮನಸ್ಸಿನಲ್ಲೊಂದು, ಬಾಯಲ್ಲೊಂದು ಎಂಬುದು ಅವಳ ಜಾಯಮಾನದಲ್ಲೇ ಇಲ್ಲ. ಪಾದ್ರಿಗಳು ಚರ್ಚಿನ ಅಂಗಳದ ಉದ್ದ ಹುಲ್ಲನ್ನು ಯಂತ್ರದಿಂದ ಕತ್ತರಿಸಲು ಹೊರಟಾಗ ಬೇಲಿಯಾಚೆಯಿಂದಲೇ ಝಾಡಿಸಿದ್ದಳು: "ಮೊದಲು ಹುಲ್ಲು ಸರಿಸಿ ನೋಡ್ರೀ ಸ್ವಾಮಿ! ಒಳಗೆ ಮಲಗಿರೋ ಜೀವದ ಮೂತಿ ಹಾರಿಹೋದ್ರೆ, ಭಾನುವಾರ ಯಾವ ಬಾಯಲ್ಲಿ ದಯೆ ಬಗ್ಗೆ ಹೇಳ್ತೀರಿ?" ಪಾಪ, ಈಗಲೂ ಅವರು ಕೋಲಿನಿಂದ ತಡಕಿ ನೋಡಿಯೇ ಯಂತ್ರ ಚಾಲೂ ಮಾಡುವುದು.

ಆ ಜೀವ ಎಂದರೆ ಮುಳ್ಳಿಲಿ. ಅಂಗೈ ತುಂಬುವಷ್ಟಿರುವ, ಮುಟ್ಟಿದರೆ ಮುದುಡಿ ಮುಳ್ಳಿನ ಉಂಡೆಯಾಗುವ ಬೇಲಿಸಾಲಿನ ಪ್ರಾಣಿ. ಬೆರಿಲ್‌ಳಿಗೆ ಅದರ ಹುಚ್ಚು ಹತ್ತಿದ್ದು ಶಾಲೆಯ ದಿನಗಳಲ್ಲಿ. ಫುಟ್‌ಬಾಲ್ ಗೋಲಿನ ಬಲೆಯಲ್ಲಿ ಸಿಕ್ಕಿ ಒದ್ದಾಡುತ್ತಿದ್ದ ಒಂದನ್ನು ಅವಳು ಅಡುಗೆಮನೆಯ ಕತ್ತರಿಯಿಂದ ಬಿಡಿಸಿದಳು. ಬಲೆ ಚಿಂದಿಯಾಯಿತು, ಹೆಡ್‌ಮಾಸ್ತರರು ಕೂಗಾಡಿದರು. "ಬಲೆ ಅಂಗಡೀಲಿ ಸಿಗುತ್ತೆ" ಎಂದು ಇವಳು ಪ್ರಾಣಿಯನ್ನು ಏಪ್ರನ್ನಿನಲ್ಲಿ ಸುತ್ತಿಕೊಂಡು ಮನೆಗೆ ನಡೆದಳು. ಈಗ ಹಿತ್ತಿಲಿನ ಇಟ್ಟಿಗೆ ಶೆಡ್ಡಿನಲ್ಲಿ ಹಳೆಯ ಮೊಲದ ಗೂಡುಗಳು, ರಾಶಿ ವೃತ್ತಪತ್ರಿಕೆ, ಬೆಕ್ಕಿನ ಆಹಾರದ ಡಬ್ಬಿ, ಮೂಗು ಮುಚ್ಚಿಕೊಳ್ಳಬೇಕಾದ ವಾಸನೆ. ಸುತ್ತಲಿನ ಊರುಗಳಿಂದಲೂ ಕಾಯಿಲೆ ಬಿದ್ದ ಮುಳ್ಳಿಲಿಗಳನ್ನು ಇಲ್ಲಿಗೇ ತಂದುಕೊಡುತ್ತಾರೆ.

ಅಕ್ಟೋಬರಿನ ಒಂದು ಮಧ್ಯಾಹ್ನ ಬೀದಿಯ ಕೊನೆಮನೆಯ ಅರ್ನಾಲ್ಡ್ ಬೂತ್ ಬಾಗಿಲಿಗೆ ಬಂದ. ಬಸ್ಸು ಓಡಿಸಿಕೊಂಡಿದ್ದ ಸಾಧು ಮನುಷ್ಯ. ವಸಂತದಲ್ಲಿ ಹೆಂಡತಿ ವಿನಿ ತೀರಿಕೊಂಡ ಮೇಲೆ ಅವನ ಬಾಯಿಂದ "ಹೂಂ", "ಉಹೂಂ" ಬಿಟ್ಟರೆ ಬೇರೆ ಮಾತು ಕೇಳಿದವರಿಲ್ಲ. ಕೈಯಲ್ಲಿ ತಲೆಕೆಳಗಾದ ಟೋಪಿ, ಟೋಪಿಯೊಳಗೆ ಮುಳ್ಳಿಲಿ.

"ಹುಲ್ಲಿನ ಮೇಲೆ ಬಿಸಿಲು ಕಾಯಿಸ್ಕೊಂಡು ಮಲಗಿತ್ತು ಬೆರಿಲ್. ಎಬ್ಬಿಸಿದ್ರೆ ಏಳ್ತಾ ಇಲ್ಲ."

"ಬಿಸಿಲು ಕಾಯಿಸೋಕೆ ಅದೇನು ಬ್ಲ್ಯಾಕ್‌ಪೂಲ್ ಬೀಚಿಗೆ ಬಂದಿದ್ಯಾ? ಹಗಲಲ್ಲಿ ಮುಳ್ಳಿಲಿ ಬಯಲಲ್ಲಿ ಬಿದ್ದಿದೆ ಅಂದ್ರೆ ಪ್ರಾಣ ಹೋಗ್ತಾ ಇದೆ ಅಂತಲೇ ಅರ್ಥ. ಕೊಡು ಇಲ್ಲಿ!"

ಹೊಟ್ಟೆ ತಣ್ಣಗಿತ್ತು. ಪಕ್ಕೆ ಒಳಗೆ ಹೋಗಿತ್ತು. ಹಿಂದಿನ ಕಾಲುಗಳ ನಡುವೆ ಹಸಿರು ಲೋಳೆ. ಬೆರಿಲ್ ಬಿಸಿನೀರಿನ ಚೀಲಕ್ಕೆ ಟವೆಲ್ ಸುತ್ತಿ ಅದರ ಮೇಲೆ ಪ್ರಾಣಿಯನ್ನು ಮಲಗಿಸುತ್ತ ಕೇಳಿದಳು, "ಏನು ತಿನ್ನಿಸ್ತಿದ್ದೆ?"

"ಹೊಟ್ಟೆಗೇನೂ ಕಮ್ಮಿ ಮಾಡಿಲ್ಲ ಕಣಮ್ಮ. ದಿನಾ ಸಂಜೆ ಬ್ರೆಡ್ಡು, ಹಾಲು. ವಿನಿ ಇಡ್ತಿದ್ಲಲ್ಲ, ಅವಳು ಹೋದ್ಮೇಲೆ ಒಂದು ದಿನಾನೂ ತಪ್ಪಿಸಿಲ್ಲ. ಈ ವಾರ ಯಾಕೋ ಸೊರಗ್ತಿದೆ ಅನ್ನಿಸ್ತು, ಕೆನೆಹಾಲು ತಂದು ಜಾಸ್ತೀನೇ ಇಟ್ಟೆ. ಸಂಜೆ ಆದ್ರೆ ಯಾರೋ ಬರ್ತಾರೆ ಅನ್ನೋದೊಂದು ಇರುತ್ತೆ ನೋಡು."

ಬೇರೆ ಯಾರಾದರೂ ಆಗಿದ್ದರೆ ಬೆರಿಲ್ ಅಲ್ಲೇ ಗ್ರಹಚಾರ ಬಿಡಿಸುತ್ತಿದ್ದಳು. ಹಸುವಿನ ಹಾಲು ಮುಳ್ಳಿಲಿಗೆ ಅರಗುವುದಿಲ್ಲ; ಭೇದಿ ಹತ್ತಿ, ಮೈಯ ನೀರೆಲ್ಲ ಹೋಗಿ ಸಾಯುತ್ತದೆ. ಅಜ್ಜಿಯ ಕಾಲದಿಂದ ಊರೆಲ್ಲ ಇಡುತ್ತಿರುವುದೂ ಹಾಲನ್ನೇ! ಆದರೆ ಅರ್ನಾಲ್ಡನ ಮುಖ ನೋಡಿ ಅವಳ ನಾಲಗೆ ಅಂಗುಳಕ್ಕೆ ಅಂಟಿಕೊಂಡಿತು. "ನಾಳೆ ಬಾ" ಎಂದಷ್ಟೇ ಹೇಳಿ ಕಳಿಸಿದಳು.

ಮೈ ಬೆಚ್ಚಗಾದ ಮೇಲೆ ಚರ್ಮದಡಿಗೆ ಸೂಜಿಯಲ್ಲಿ ಸಲೈನ್ ನೀರು ಕೊಟ್ಟಳು. ಅದು ಉಳಿಯಿತು. ಅರ್ನಾಲ್ಡ್ ದಿನವೂ ಬಂದು ಬಕೆಟ್ ಬೋರಲು ಹಾಕಿ ಕುಳಿತ, ಗೂಡಿಗೆ ಕಾಗದ ಹರಿದುಕೊಟ್ಟ. ಕ್ರಮೇಣ ಮಾತು ಶುರುವಾಯಿತು, ನಗುವೂ ಬಂತು. ಬೆರಿಲ್‌ಳಿಗೆ ಒಳಗೊಳಗೇ ಸಂಕಟ. ಹೇಳಿದರೆ ಈ ಮನುಷ್ಯ ಕುಸಿಯುತ್ತಾನೆ, ಹೇಳದಿದ್ದರೆ ಈ ಪ್ರಾಣಿ ಸಾಯುತ್ತದೆ. ಸಿಕ್ಕಿದ ಜಾಗದಲ್ಲೇ, ಅಂದರೆ ಅರ್ನಾಲ್ಡನ ಹಿತ್ತಿಲಲ್ಲೇ, ಬಿಡಬೇಕೆಂಬುದು ಅವಳ ಕಟ್ಟುನಿಟ್ಟು. ಚಳಿಗಾಲ ಹತ್ತಿರವಿರುವಾಗ ಗೊತ್ತಿಲ್ಲದ ನೆಲದಲ್ಲಿ ಅದು ಗೂಡಿಗೆಲ್ಲಿ ಅಲೆಯಬೇಕು?

ಒಂದು ದಿನ ಅವನೇ ದಾರಿ ಮಾಡಿಕೊಟ್ಟ. ತಟ್ಟೆ ನೆಕ್ಕುತ್ತಿದ್ದ ಮುಳ್ಳಿಲಿಯನ್ನು ನೋಡಿ, "ಮನೆಗೆ ಬರಲಿ, ಇವನಿಗೆ ಬಟ್ಟಲು ತುಂಬ ಕೆನೆಹಾಲು" ಎಂದ.

"ಬೇಡ ಅರ್ನಾಲ್ಡ್. ಆ ಹಾಲೇ ಕಣಯ್ಯ ಇದನ್ನ ಈ ಗತಿಗೆ ತಂದಿದ್ದು."

ಅವನು ಕಾಗದ ಹರಿಯುವುದನ್ನು ನಿಲ್ಲಿಸಿದ. "ನಾನಿಟ್ಟಿದ್ದಾ?"

"ಹೂಂ."

"ವಿನಿ ಇಡ್ತಿದ್ದಿದ್ದೂ?"

ಬೆರಿಲ್ ಸುಳ್ಳು ಹೇಳಲಿಲ್ಲ. "ಹೂಂ. ಅದೂ."

ಅವನು ಎದ್ದ, ಟೋಪಿ ಹಾಕಿಕೊಂಡ, ಹೊರಟುಹೋದ. ಮಾರನೆಯ ದಿನ ಬರಲಿಲ್ಲ, ಆಮೇಲೂ ಬರಲಿಲ್ಲ. ಬೆರಿಲ್ ಚಹಾ ಮಾಡಿದಳು, ಕುಡಿಯದೆ ಚೆಲ್ಲಿದಳು. ಗೂಡು ಗುಡಿಸುತ್ತ ತನ್ನನ್ನೇ ಬೈದುಕೊಂಡಳು. "ಸುಡಬೇಕು ಈ ಬಾಯಿನ! ಸತ್ತವಳನ್ನೂ ಬಿಡಲಿಲ್ಲವಲ್ಲೇ, ಮುಂಡೇದೆ!"

ಅಷ್ಟರಲ್ಲಿ ಮುಳ್ಳಿಲಿ ಮೈ ತುಂಬಿಕೊಂಡು ಗೂಡಿನ ಜಾಲರಿ ಕೆರೆಯತೊಡಗಿತು. ಮಳೆ ಹೊಳವಾಗಿ, ಗಾಳಿ ಬೆಚ್ಚಗಿದ್ದ ಒಂದು ಸಂಜೆ ಬೆರಿಲ್ ಗಟ್ಟಿ ಮನಸ್ಸು ಮಾಡಿ ಪೆಟ್ಟಿಗೆ ಹೊತ್ತು ಹೋಗಿ ಅರ್ನಾಲ್ಡನ ಬಾಗಿಲು ತಟ್ಟಿದಳು. ತೆರೆದವನ ಕಣ್ಣು ಕೆಂಪಗಿತ್ತು. ಅವನು ಪೆಟ್ಟಿಗೆ ಇಸಿದುಕೊಂಡು ಹಿತ್ತಿಲಿಗೆ ನಡೆದ, ಬೇಲಿಯ ಬುಡದಲ್ಲಿಟ್ಟು ಮಂಡಿಯೂರಿ ಮುಚ್ಚಳ ತೆಗೆದ. ಮುಳ್ಳಿಲಿ ಮೂತಿ ಎತ್ತಿ ಗಾಳಿ ಮೂಸಿತು. ಆಮೇಲೆ ದಡದಡ ಓಡಿ ಎಲೆಗಳೊಳಗೆ ನುಗ್ಗಿತು. ಸರಪರ ಸದ್ದು ಸ್ವಲ್ಪ ಹೊತ್ತು ಕೇಳಿ ನಿಂತಿತು.

ಬೆರಿಲ್‌ಳಿಗೆ ತಡೆಯಲಾಗಲಿಲ್ಲ. "ಎಲ್ಲಯ್ಯ ಹಾಳಾಗಿ ಹೋಗಿದ್ದೆ? ನನ್ನ ಮೇಲೆ ಸಿಟ್ಟಿದ್ರೆ ಬಂದು ಬೈಬಾರ್ದಾ?"

"ಸಿಟ್ಟೆಲ್ಲಿಂದ ಬಂತು? ಪುರುಸೊತ್ತಿರ್ಲಿಲ್ಲ" ಎಂದ ಅರ್ನಾಲ್ಡ್, ಮಂಡಿಯ ಮಣ್ಣು ಒರೆಸಿಕೊಳ್ಳುತ್ತ. "ಈ ಬೀದೀಲಿ ಅರ್ಧ ಜನಕ್ಕೆ ಹಾಲಿಡೋದು ಕಲಿಸಿದ್ದೇ ವಿನಿ. ಮನೆಮನೆಗೂ ಹೋಗಿ ಹೇಳ್ಬಂದೆ, ನಮ್ಮ ವಿನಿಗೆ ಗೊತ್ತಿರ್ಲಿಲ್ಲ, ಇನ್ಮೇಲೆ ನೀರು ಮಾತ್ರ ಇಡಿ ಅಂತ. ಅವಳಿದ್ದಿದ್ರೆ ಅವಳೇ ಹೋಗ್ತಿದ್ಲು. ಮೊದಲು ಒಂದಿನ ಪೂರ್ತಿ ಕೂತು ಅತ್ತು, ಆಮೇಲೆ ಹೋಗ್ತಿದ್ಲು."

"ನೀನು?"

"ನಾನು ಹೇಳ್ತಾ ಹೇಳ್ತಾನೇ ಅತ್ತೆ. ಟೈಮ್ ಉಳೀತು."

ಬೆರಿಲ್ ಗ್ರೀನ್‌ಹಾ ನಗಲು ಹೋಗಿ ಅತ್ತುಬಿಟ್ಟಳು. ಅರ್ನಾಲ್ಡ್ ಅವಳ ಕೈಗೆ ಖಾಲಿ ಪೆಟ್ಟಿಗೆ ಕೊಟ್ಟು, ಚಹಾಕ್ಕೆ ನೀರಿಡಲು ಒಳಗೆ ಹೋದ.